ಓದಿ ಮುಗಿಸುವ ಮೊದಲೇ ಮಾತಾಡುವುದು ಹೇಗೆ? ದಪ್ಪ ಫ್ಯಾಂಟಸಿ ಕಾದಂಬರಿ ಹಿಡಿದವರಿಗೆ

ಹೋದ ವರ್ಷ ಏಪ್ರಿಲ್‌ನ ಒಂದು ಭಾನುವಾರ. ಕಲಬುರಗಿಯ ಬಿಸಿಲು ಗೊತ್ತಿದ್ದದ್ದೇ. ಸಂಜೆ ಏಳಾದರೂ ಮಾಳಗಿ ಮೇಲಿನ ಶಹಾಬಾದ್ ಫರಸಿ ಅಂಗಾಲಿಗೆ ಚುರ್ ಅನ್ನುತ್ತಿತ್ತು. ನಾಲ್ಕು ಕೊಡ ನೀರು ಹೊಯ್ದು, ಚಾಪೆ ಹಾಸಿ, ಐದು ಮಂದಿ ಕೂತಿದ್ದೆವು. ನಮ್ಮಣ್ಣನ ಮಗಳು, ಡಿಗ್ರಿ ಎರಡನೇ ವರ್ಷದಾಕೆ, ತೊಡೆ ಮೇಲೆ ಇಟ್ಟಂಗಿಯಂಥ ಪುಸ್ತಕ ಇಟ್ಟುಕೊಂಡಿದ್ದಳು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಗೇಮ್ ಆಫ್ ಥ್ರೋನ್ಸ್', 1996ರಲ್ಲಿ ಬಂದದ್ದು. ಅದರೊಳಗಿನ ಒಬ್ಬನ ಬಗ್ಗೆ ಹೇಳುತ್ತಿದ್ದಳು: "ಕಾಕಾ, ಈ ಮನಷ್ಯಾ ಭಾಳ ಛಲೋ ಅದಾನ್ರಿ. ಮುಂದ ಇವನಿಂದನೇ ಎಲ್ಲಾ ಸರಿ ಆಗ್ತದ ನೋಡ್ರಿ."

ನಾನು ಚಹಾ ಬಸಿಗೆ ಬಗ್ಗಿಸುತ್ತ, ಯಾವ ವಿಚಾರವೂ ಇಲ್ಲದೆ, "ಅಂವಾ ಎಲ್ಲಿ ಉಳಿತಾನವಾ..." ಅಂದುಬಿಟ್ಟೆ.

ಅರ್ಧ ವಾಕ್ಯ, ಅಷ್ಟೇ. ಪುಟದ ಗುರುತಿಗೆ ಇಟ್ಟಿದ್ದ ಬಸ್ ಟಿಕೆಟನ್ನು ಆಕೆ ಮೆಲ್ಲಗೆ ಹೊರಗೆಳೆದಳು, ಪುಸ್ತಕ ಮುಚ್ಚಿ ನನ್ನ ಮಗ್ಗುಲಿಗೆ ಇಟ್ಟಳು, ಕೆಳಗಿಳಿದು ಹೋದಳು. ಮೂರು ವಾರ ಅದನ್ನು ಮುಟ್ಟಲಿಲ್ಲ. ನಾನು ಹೇಳಿದ್ದು ಯಾರ ಬಗ್ಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬುದ್ಧಿ ಬಂದಿದೆ.

ಆ ಅರ್ಧ ವಾಕ್ಯಕ್ಕೆ ಕಟ್ಟಿದ ದಂಡವೆಂದರೆ ನಮ್ಮ ಬಳಗ ಆಮೇಲೆ ಮಾಡಿಕೊಂಡ ಪದ್ಧತಿಗಳು. ಇಲ್ಲಿರುವುದು ಅವೇ. ಓದಿ ಮುಗಿಸಿದ ಪುಸ್ತಕದ ಬಗ್ಗೆ ಮಾತಾಡುವುದಕ್ಕೆ ದಾರಿ ಬೇಕಾದಷ್ಟಿದೆ. ಇನ್ನೂ ಓದುತ್ತಿರುವ ಪುಸ್ತಕ, ಅದರಲ್ಲೂ ಏಳೆಂಟುನೂರು ಪುಟದ, ಮೂರು ಸಂಪುಟದ, ಹದಿನಾಲ್ಕು ಸಂಪುಟದ ಮಾಯಾಲೋಕದ ಕಥೆ ಹಿಡಿದಾಗ ಮುಗಿಯುವ ತನಕ ಬಾಯಿ ಮುಚ್ಚಿಕೊಂಡಿರಿ ಅಂದರೆ ಆಗುವ ಮಾತಲ್ಲ. ಅದು ತಿಂಗಳುಗಟ್ಟಲೆ ಓದು. ಮತ್ತೆ, ನಡುವೆ ಹೇಳುವ ಮಾತಿಗೆ ಇರುವ ರುಚಿ ಮುಗಿಸಿದ ಮೇಲಿನ ಮಾತಿಗೆ ಇರುವುದಿಲ್ಲ. ಜೋಳ ಹಾಲ್ಗಾಳು ಇದ್ದಾಗಲೇ ಸುಟ್ಟು ಸೀತನಿ ತಿನ್ನಬೇಕು. ಬಲಿತ ಮೇಲೆ ಅದು ರೊಟ್ಟಿಯ ಲೆಕ್ಕ.

ಎಲ್ಲಿಗೆ ಬಂದೀರಿ, ಅದನ್ನ ಮೊದಲು ಹೇಳಿ

ಬಾಯಿ ತೆಗೆದ ಕೂಡಲೇ ಪುಸ್ತಕ ಹೆಂಗದ ಅಂತ ಶುರು ಮಾಡಬೇಡಿ. ನೀವು ಎಲ್ಲಿದ್ದೀರಿ ಅಂತ ಹೇಳಿ. ಪುಟದ ಸಂಖ್ಯೆ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮದು ಸಣ್ಣ ಅಕ್ಷರದ ಅಗ್ಗದ ಮುದ್ರಣ, ಇನ್ನೊಬ್ಬರದು ದೊಡ್ಡ ಅಕ್ಷರದ್ದು, ಮೂರನೆಯವರು ಮೊಬೈಲಿನಲ್ಲಿ ಓದುತ್ತಾ 'ಶೇಕಡಾ 43' ಅನ್ನುತ್ತಾರೆ. ಅಧ್ಯಾಯ ಹೇಳಿದರೆ ವಾಸಿ. ಆದರೆ ಅದರಲ್ಲೂ ತೊಡಕಿದೆ. ಮಾರ್ಟಿನ್ ಅವರ ಈ ಸರಣಿಯ ಮೊದಲ ಸಂಪುಟದಲ್ಲಿ ಪ್ರತಿ ಅಧ್ಯಾಯದ ತಲೆ ಮೇಲೆ ಒಬ್ಬರ ಹೆಸರಿರುತ್ತದೆ, ಆ ಅಧ್ಯಾಯವನ್ನು ನಾವು ಅವರ ಕಣ್ಣಿಂದ ನೋಡುತ್ತೇವೆ, ಅದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಹಾಗಾಗಿ 'ಆರ್ಯಾ ಅಧ್ಯಾಯದಾಗ ಇದ್ದೀನಿ' ಅಂದರೆ ಏನೂ ಹೇಳಿದಂತಾಗಲಿಲ್ಲ. 'ಆರ್ಯಾಳದು ಮೂರನೇದು' ಅನ್ನಬೇಕು.

ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಹಿಡಿದವರಿಗೆ ಇನ್ನೊಂದು ಎಚ್ಚರಿಕೆ. 1954–55ರಲ್ಲಿ ಮೂರು ಸಂಪುಟವಾಗಿ ಬಂದರೂ ಒಳಗೆ ಅದು ಆರು ಭಾಗ. ಎರಡನೇ ಸಂಪುಟದ ಮೊದಲರ್ಧ ಒಂದು ಗುಂಪಿನ ಕಥೆ, ಎರಡನೇ ಅರ್ಧ ಪೂರ್ತಿ ಇನ್ನೊಂದು ದಿಕ್ಕಿಗೆ ಹೋದವರದು. ಇಬ್ಬರು 'ಎರಡನೇ ಸಂಪುಟ' ಅನ್ನುತ್ತಿದ್ದರೂ ಒಬ್ಬರು ಪೂರ್ವದಲ್ಲಿ, ಒಬ್ಬರು ಪಶ್ಚಿಮದಲ್ಲಿ. ಸಂಪುಟದ ಜೊತೆ ಭಾಗವನ್ನೂ ಹೇಳಿ.

ಎಲ್ಲಕ್ಕಿಂತ ಒಳ್ಳೆಯದು ಕೊನೆಗೆ ಓದಿದ ಒಂದು ಘಟನೆ ಹೇಳುವುದು. ನಮ್ಮ ಬೀದರ್ ಗೆಳೆಯ ವಾರಕ್ಕೊಮ್ಮೆ ರೈಲಿನಲ್ಲಿ ಕಲಬುರಗಿಗೆ ಬರುತ್ತಾನೆ. 2017ರಲ್ಲಿ ಈ ಲೈನು ಶುರುವಾದ ಮೇಲೆ ಅವನ ಓದು ನಡೆಯುವುದೇ ಅದರಲ್ಲಿ. ಟೋಲ್ಕಿನ್‌ನ ಮೊದಲ ಸಂಪುಟ ಓದುತ್ತಿದ್ದಾಗ ಬಂದವನೇ ಚಪ್ಪಲಿ ಬಿಡುವ ಮೊದಲು ಹೇಳಿದ: "ಅವರು ಗುಡ್ಡದ ಹೊಟ್ಟಿ ಒಳಗ ಹೊಕ್ಕಾರ. ಬಾಗಲಾ ಮುಚ್ಚೇದ. ಅದೇ ಹೊತ್ತಿಗಿ ನಮ್ಮ ಗಾಡಿ ಮರಗುತ್ತಿ ಸುರಂಗದಾಗ ಹೊಕ್ಕಿತು ನೋಡ್ರಿ, ಮೈ ಝುಂ ಅಂತು!" ಅವನು ಎಲ್ಲಿದ್ದಾನೆಂದು ಓದಿದವರೆಲ್ಲರಿಗೂ ಒಂದೇ ಮಾತಿಗೆ ತಿಳಿಯಿತು. ಓದದವರಿಗೆ ಏನೂ ಕೆಡಲಿಲ್ಲ. ಆ ದಿನ ನಾವು ಸುರಂಗದಿಂದ ಆಚೆಗಿನದನ್ನು ಎತ್ತಲೇ ಇಲ್ಲ. ಎಲ್ಲರಿಗಿಂತ ಹಿಂದಿರುವವರ ಪುಟವೇ ಆ ಹೊತ್ತಿಗೆ ಎಲ್ಲರ ಪುಟ ಎನ್ನುವುದು ನಮ್ಮ ಒಂದನೇ ಕಟ್ಟಳೆ.

ಸರಣಿಯನ್ನು ಯಾವ ಕ್ರಮದಲ್ಲಿ ಓದುತ್ತಿದ್ದೀರಿ ಅನ್ನುವುದನ್ನೂ ಸೇರಿಸಿ. ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಏಳು ಪುಸ್ತಕ. ಮೊದಲು ಬಂದದ್ದು 1950ರಲ್ಲಿ, ಮಕ್ಕಳು ಬಟ್ಟೆಯ ಬೀರುವಿನೊಳಗಿಂದ ಹಿಮ ಬೀಳುವ ಆ ಲೋಕಕ್ಕೆ ಹೊಕ್ಕುವ ಕಥೆ. ಆ ಲೋಕ ಹುಟ್ಟಿದ ಕಥೆ ಹೇಳುವ ಪುಸ್ತಕ ಬಂದದ್ದು 1955ರಲ್ಲಿ, ಆರನೆಯದಾಗಿ. ಕಥೆಯ ಕಾಲಕ್ರಮದಲ್ಲಿ ಓದಿದವರಿಗೆ ಆ ಬೀರುವಿನ ಹಿಂದಿನ ಹಿಮ ಅಷ್ಟು ಬೆರಗು ಹುಟ್ಟಿಸುವುದಿಲ್ಲ. ಯಾಕೆಂದರೆ ಬೀರುವಿನ ಜಾತಕ ಅವರಿಗೆ ಮೊದಲೇ ಗೊತ್ತು. ಅವರ ಅಭಿಪ್ರಾಯ ಸುಳ್ಳಲ್ಲ, ಆದರೆ ಅವರು ಬೇರೆ ಬಾಗಿಲಿಂದ ಬಂದವರು.

ಒಂದು ಖಾತೆ ಪುಸ್ತಕ ಇಡಿ

ನಾನು ದಾಲ್‌ಮಿಲ್ ಲೆಕ್ಕ ಬರೆಯುವವನು. ತೊಗರಿಯ ಊರಿನಲ್ಲಿ ಅದೇನು ದೊಡ್ಡ ಸಂಗತಿಯಲ್ಲ, ಆದರೆ ಆ ಕಸುಬು ಓದಿಗೂ ಅಂಟಿಕೊಂಡಿದೆ. ಕೆಂಪು ಬಟ್ಟೆ ರಟ್ಟಿನ ಒಂದು ಉದ್ದ ವಹಿ ಇಟ್ಟಿದ್ದೇನೆ. ಪುಟದ ನಡುವೆ ಗೆರೆ. ಎಡಕ್ಕೆ ಜಮಾ, ಬಲಕ್ಕೆ ಉದ್ರಿ.

ಜಮಾ ಅಂದರೆ ಪುಸ್ತಕ ನನಗೆ ಈಗಾಗಲೇ ಕೊಟ್ಟದ್ದು. ಒಂದು ದೃಶ್ಯ, ಒಂದು ನಗು, ಒಂದು ಊರಿನ ವಾಸನೆ. ಉದ್ರಿ ಅಂದರೆ ಲೇಖಕ ನನ್ನ ನಂಬಿಕೆಯ ಮೇಲೆ ಸಾಲವಾಗಿ ತೆಗೆದುಕೊಂಡದ್ದು, ಇನ್ನೂ ತೀರಿಸದ್ದು. ಫ್ಯಾಂಟಸಿ ಕಾದಂಬರಿ ಉದ್ರಿಯ ಮೇಲೇ ನಡೆಯುವ ವ್ಯಾಪಾರ. ಮೊದಲ ಐವತ್ತು ಪುಟದಲ್ಲೇ ಮುರಿದ ಖಡ್ಗ, ಯಾರೂ ಹೆಸರೆತ್ತದ ರಾಜ್ಯ, ಅರ್ಧ ಕೇಳಿಸಿದ ಭವಿಷ್ಯವಾಣಿ, ತಂದೆ ಯಾರೆಂದು ತಿಳಿಯದ ಹುಡುಗ, ಎಲ್ಲವನ್ನೂ ಅಂಗಡಿಯಿಂದ ಎತ್ತಿಕೊಂಡು 'ಬರಕೋರಿ, ಆಮ್ಯಾಲ ಕೊಡ್ತೀನಿ' ಅನ್ನುತ್ತದೆ. ನಾವು ಬರೆದುಕೊಳ್ಳಬೇಕು. ಇಲ್ಲದಿದ್ದರೆ ಆರುನೂರನೇ ಪುಟದಲ್ಲಿ ಸಾಲ ತೀರಿಸಿದರೂ ಗೊತ್ತಾಗುವುದಿಲ್ಲ, ತೀರಿಸದೆ ಜಾರಿಕೊಂಡರೂ ಗೊತ್ತಾಗುವುದಿಲ್ಲ.

ನನ್ನ ವಹಿಯ ಒಂದು ನಮೂದು ಇದ್ದ ಹಾಗೇ ಕೊಡುತ್ತೇನೆ. ಟೋಲ್ಕಿನ್, ಮೊದಲ ಸಂಪುಟ, ಒಂದನೇ ಭಾಗ. ಪಯಣಿಗರು ರಾತ್ರಿ ಒಂದು ಖಾನಾವಳಿಗೆ ಬಂದಿದ್ದಾರೆ.

"ಜಮಾ: ಹೊರಗ ಮಳಿ, ಒಳಗ ಬೆಂಕಿ, ಜನರ ಗದ್ದಲ. ಧಾಬಾದಾಗ ಕುಂತಂಗ ಆಯ್ತು. ಉದ್ರಿ: ಮೂಲ್ಯಾಗ ಟೋಪಿ ಮಾರಿ ಮ್ಯಾಲ ಎಳಕೊಂಡು ಒಬ್ಬಾಂವ ಕುಂತಾನ, ಉದ್ದನ್ನ ಚಿಲುಮಿ. ಯಾರಿಂವ? ನನ್ನ ಊಹೆ: ವೈರಿ ಕಡಿ ಬೇಹುಗಾರ. ಇವನ್ನ ನಂಬಿದ್ರ ಕೆಟ್ರು."

ಆಮೇಲೆ ಓದಿ ನೋಡಿದಾಗ ಗೊತ್ತಾಯಿತು, ಮಳೆ ನಾನೇ ಸುರಿಸಿಕೊಂಡದ್ದು. ಪುಸ್ತಕದಲ್ಲಿ ಅವರು ಖಾನಾವಳಿ ಮುಟ್ಟುವ ಹೊತ್ತಿಗೆ ನಕ್ಷತ್ರ ಹೊಳೆಯುತ್ತಿರುತ್ತವೆ. ಓದುವವನ ತಲೆಯಲ್ಲಿ ಏನೆಲ್ಲ ನಡೆಯುತ್ತದೆ ಅನ್ನುವುದಕ್ಕೆ ವಹಿಯೇ ಸಾಕ್ಷಿ, ಅದಕ್ಕೇ ಹೊಡೆದು ಹಾಕಿಲ್ಲ. ಊಹೆ ಸರಿಯೋ ತಪ್ಪೋ ಹೇಳುವುದಿಲ್ಲ. ಕೆಳಗೆ ತಾರೀಖು ಹಾಕಿ. ಊಹೆಗೆ ತಾರೀಖು ಇಲ್ಲದಿದ್ದರೆ ಆಮೇಲೆ ಎಲ್ಲರೂ 'ನನಗ ಮೊದಲೇ ಗೊತ್ತಿತ್ತು' ಅನ್ನುವವರೇ.

ಹೀಗೆ ಬರೆದಿಟ್ಟರೆ ಭಾನುವಾರ ಕೂತಾಗ ಮಾತಿಗೆ ಬರವಿಲ್ಲ. 'ಹೆಂಗದ ಪುಸ್ತಕ?' ಎಂದರೆ ಉತ್ತರ ಕಷ್ಟ. 'ಉದ್ರಿ ಎಷ್ಟಾಗ್ಯಾದ?' ಎಂದರೆ ಕೂಡಲೇ ನಾಲ್ಕು ಮಾತು ಬರುತ್ತವೆ. ನಮ್ಮಲ್ಲಿ ಯಾದಗಿರಿಯ ಒಬ್ಬ ನರ್ಸಿಂಗ್ ಓದುವ ಹುಡುಗಿ ಇದ್ದಾಳೆ. ಆಕೆ ಒಂದು ಪುಸ್ತಕದ ಬಗ್ಗೆ ಹೇಳಿದ್ದು: "ಕಾಕಾ, ಇಂವಾ ಬರೇ ಎತ್ತಿಕೋತ ನಡದಾನ್ರಿ, ಒಂದರ ಬಡ್ಡೀನೂ ಕೊಟ್ಟಿಲ್ಲ." ಮುನ್ನೂರು ಪುಟ ಓದಿದವಳು ಹೇಳಬಹುದಾದ ಇದಕ್ಕಿಂತ ಚೊಕ್ಕ ವಿಮರ್ಶೆ ನನಗೆ ಗೊತ್ತಿಲ್ಲ. ಆಕೆ ಪುಸ್ತಕ ಕೆಟ್ಟದ್ದು ಅನ್ನಲಿಲ್ಲ. ತಾನು ಎಲ್ಲಿದ್ದೇನೆ, ಅಲ್ಲಿಂದ ಲೆಕ್ಕ ಹೇಗೆ ಕಾಣುತ್ತದೆ ಅಂದಳು.

ಮಂತ್ರಕ್ಕೆ ಬೆಲೆ ಏನು ಅಂತ ಕೇಳಿ

ಮಾತು ಎಲ್ಲಿಂದ ಎತ್ತಬೇಕೆಂದು ತಿಳಿಯದಿದ್ದರೆ ಇಲ್ಲಿಂದ ಎತ್ತಿ. ಆ ಲೋಕದಲ್ಲಿ ಮಾಯೆ ಮಾಡುವವನು ಏನು ತೆರುತ್ತಾನೆ? ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಅರ್ತ್‌ಸೀ ಕಥೆಯಲ್ಲಿ ಪ್ರತಿ ವಸ್ತುವಿಗೂ ಒಂದು ನಿಜನಾಮ ಇದೆ. ಅದು ಗೊತ್ತಾದರೆ ವಸ್ತು ನಿಮ್ಮ ಮಾತು ಕೇಳುತ್ತದೆ. ಅದಕ್ಕೇ ಅಲ್ಲಿನ ಜನ ತಮ್ಮ ನಿಜವಾದ ಹೆಸರನ್ನು ಕಂಡವರಿಗೆ ಹೇಳುವುದಿಲ್ಲ. ಬ್ರಾಂಡನ್ ಸ್ಯಾಂಡರ್ಸನ್ ಅವರ 'ಮಿಸ್ಟ್‌ಬಾರ್ನ್' (2006) ಇನ್ನೊಂದು ಬಗೆ. ಲೋಹದ ಪುಡಿ ನುಂಗಿ, ಹೊಟ್ಟೆಯೊಳಗೆ ಅದನ್ನು 'ಉರಿಸಿ' ಶಕ್ತಿ ಪಡೆಯುತ್ತಾರೆ. ಲೋಹ ತೀರಿತು, ಶಕ್ತಿಯೂ ತೀರಿತು. ಟೋಲ್ಕಿನ್‌ನ ಮುದುಕ ಮಾಂತ್ರಿಕ ಏನು ಮಾಡಬಲ್ಲ, ಏನು ಮಾಡಲಾರ ಎಂಬ ಪಟ್ಟಿಯನ್ನು ಯಾರೂ ನಮಗೆ ಕೊಡುವುದಿಲ್ಲ.

ಸ್ಯಾಂಡರ್ಸನ್ ಅವರೇ ಇದಕ್ಕೊಂದು ನಿಯಮ ಹೇಳಿದ್ದಾರೆ: ಮಾಯೆಯಿಂದ ತೊಡಕು ಬಿಡಿಸಬೇಕಾದರೆ, ಓದುಗನಿಗೆ ಆ ಮಾಯೆ ಎಷ್ಟು ತಿಳಿದಿದೆಯೋ ಅಷ್ಟೇ ಚೆನ್ನಾಗಿ ಬಿಡಿಸಲು ಲೇಖಕನಿಗೆ ಸಾಧ್ಯ. ನಾನು ಇದನ್ನು ಅಳತೆಗೋಲಾಗಿ ಬಳಸುತ್ತೇನೆ, ಆದರೆ ಎಲ್ಲದಕ್ಕೂ ಅಲ್ಲ. ಕಟ್ಟಳೆ ಹೇಳಿ ಆಟ ಕಟ್ಟಿದವನು ಕೊನೆಗೆ ಕಟ್ಟಳೆ ಮುರಿದರೆ ದೂರಬಹುದು. ಬೆರಗಿಗಾಗಿಯೇ ಮಾಯೆಯನ್ನು ಮಸುಕಾಗಿ ಇಟ್ಟವನಿಗೆ 'ನಿಯಮ ಎಲ್ಲಿ?' ಎಂದು ಕೇಳುವುದು ಜೋಳ ಅಳೆಯುವ ಸೇರಿನಿಂದ ಬಟ್ಟೆ ಅಳೆದ ಹಾಗೆ.

ಮಿಸ್ಟ್‌ಬಾರ್ನ್ ಮಾತು ಬಂದ ದಿನ ಬೀದರ್ ಗೆಳೆಯ ಕೈ ಎತ್ತಿದ. ಅವನ ಮನೆಯಲ್ಲಿ ಹಿಂದಿನವರು ಬಿದರಿ ಕೆಲಸ ಮಾಡಿದವರು. "ಲೋಹ ನುಂಗೋದು ಏನ್ ಮಹಾ? ನಮ್ಮಲ್ಲಿ ಸತುವು, ಅದರಾಗ ಸ್ವಲ್ಪ ತಾಮ್ರ. ಎರಕ ಹೊಯ್ದು, ಕೊರದು, ಬೆಳ್ಳಿ ತಂತಿ ಕುಂದ್ರಿಸಿ, ಕೊನಿಗಿ ನವಸಾಗರದ ಜೋಡಿ ಕೋಟೆ ಮಣ್ಣು ಕಲಿಸಿ ಹಚ್ಚತಾರ. ಸತುವು ಕರ್ರಗ ಆಗ್ತದ, ಬೆಳ್ಳಿ ಬೆಳ್ಳಗೇ ಉಳಿತದ. ಮಳಿ ಬಿಸಲು ಬೀಳದ ಜಾಗದ ಮಣ್ಣೇ ಬೇಕು. ಕುಶಲಕರ್ಮಿ ಅದನ್ನ ನಾಲಿಗಿ ಮ್ಯಾಲ ಇಟ್ಟು ನೋಡ್ತಾನ. ಇದು ಮಂತ್ರ ಅಲ್ಲೇನು?" ಎಂದ. ಅರ್ಧ ತಾಸು ಅದೇ ಮಾತಾಯಿತು. ಆಮೇಲೆ ಎಲ್ಲರೂ ಒಪ್ಪಿದ್ದು: ಕಾದಂಬರಿಯ ಮಾಯೆ ನಂಬುವಂತಾಗುವುದು ಅದರ ಹಿಂದೆ ಒಬ್ಬ ಕೆಲಸಗಾರ ಕಂಡಾಗ. ಸಾಮಾನು ಎಲ್ಲಿಂದ ತಂದ, ಎಷ್ಟು ಹೊತ್ತು ಹಿಡಿಯಿತು, ಕೈ ಸುಟ್ಟಿತೇ ಎಂಬುದೆಲ್ಲ ಗೊತ್ತಾದಾಗ.

ಹೆಸರುಗಳ ವಿಚಾರ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಬಾಯಿಗೆ ಹತ್ತದ ಹೆಸರನ್ನು ಸರಿಯಾಗಿ ಅನ್ನಲು ಒದ್ದಾಡಬೇಡಿ, ಉಚ್ಚಾರ ತಿದ್ದಿ ಯಾರ ಉತ್ಸಾಹವನ್ನೂ ಕೊಲ್ಲಬೇಡಿ. 'ಕಿವಿ ಹರಕ', 'ಕರಿ ಕುದುರಿ ಮುದುಕಿ' ಅಂತ ಇಟ್ಟುಕೊಂಡರೆ ನಡೆಯುತ್ತದೆ.

'ಏಕ್ ನಂಬರ್' ಅನ್ನಿ, ಆದರೆ ಅಲ್ಲಿಗೇ ನಿಲ್ಲಬೇಡಿ

ನಮ್ಮೂರಲ್ಲಿ ತಹರಿಯಿಂದ ಹಿಡಿದು ಟ್ರ್ಯಾಕ್ಟರ್ ತನಕ ಛಲೋ ಇದ್ದದ್ದೆಲ್ಲ ಏಕ್ ನಂಬರ್. ಕೆಟ್ಟದ್ದೆಲ್ಲ ಬೋರ್. ಎರಡನ್ನೂ ನಿಷೇಧಿಸಲು ಹೋಗಿ ನಾನು ಸೋತೆ. ಈಗಿನ ಕಟ್ಟಳೆ ಸಣ್ಣದು: ಅಂದ ಮೇಲೆ ಪುಸ್ತಕ ತೆರೆದು ಆ ಜಾಗ ತೋರಿಸಬೇಕು.

ಇದು ನನ್ನ ಹೊಸ ಶೋಧವೇನಲ್ಲ. ಇಲ್ಲಿಂದ ಸೇಡಂ ದಾರಿ ಹಿಡಿದರೆ ಕಾಗಿಣಾ ದಂಡೆಯ ಮಳಖೇಡ ಸಿಗುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರ ಹೊತ್ತಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕಾವ್ಯದ ಗುಣ–ದೋಷಗಳ ಪುಸ್ತಕ. ಅದು ದೋಷ ಇದೆ ಅಂದು ಮುಂದೆ ಹೋಗುವುದಿಲ್ಲ, ಪದ್ಯ ಎದುರಿಗಿಟ್ಟು ಹೇಳುತ್ತದೆ. ನಮಗೆ ಸಿಕ್ಕಿರುವ ಕನ್ನಡದ ಅತಿ ಹಳೆಯ ಗ್ರಂಥವೇ 'ಪುಸ್ತಕದ ಬಗ್ಗೆ ಮಾತಾಡುವುದು ಹೇಗೆ' ಅನ್ನುವ ಪುಸ್ತಕ, ಅದೂ ನಮ್ಮ ಜಿಲ್ಲೆಯದು ಎಂದು ಹುಡುಗರಿಗೆ ಹೇಳಿದರೆ ಅರೆಕ್ಷಣ ಮೊಬೈಲ್ ಕೆಳಗಿಡುತ್ತಾರೆ.

'ನಿಧಾನ ಅದ' ಅನ್ನುವುದು ಈ ಜಾತಿಯ ಕಾದಂಬರಿಗಳ ಮೇಲೆ ಬರುವ ದೊಡ್ಡ ದೂರು. ಅದನ್ನು ಹೇಗೆ ಹೇಳಬೇಕು ಎಂಬುದನ್ನು ನನಗೆ ಕಲಿಸಿದವರು ನಮ್ಮ ಬಳಗದ ಉರ್ದು ಮಾಸ್ತರರು. ಎಪ್ಪತ್ತು ದಾಟಿದವರು. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ಊರು ಇದು. ಅವರ ತಂದೆ ಓದಿದ್ದೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಅಮೀರ್ ಹಮ್ಜಾನ ದಾಸ್ತಾನ್, ಅಂದರೆ ಉದ್ದಾನುದ್ದದ ಸಾಹಸಕಥೆ, ಓದಿ ಹೇಳುತ್ತಿದ್ದರಂತೆ. ತಿಲಿಸ್ಮ್ ಎಂಬ ಮಾಯಾಕೋಟೆಗಳು, ವೇಷ ಮರೆಸುವ ಐಯ್ಯಾರರು. ಲಖನೌದ ನವಲ್ ಕಿಶೋರ್ ಪ್ರೆಸ್ ಆ ದಾಸ್ತಾನ್ ಅನ್ನು 46 ಸಂಪುಟಗಳಲ್ಲಿ ಅಚ್ಚು ಹಾಕಿತು. ನಮ್ಮ ಹದಿನಾಲ್ಕು ಸಂಪುಟದ ಇಂಗ್ಲಿಷ್ ಸರಣಿಗಳನ್ನು ಕಂಡು ಮಾಸ್ತರರು ನಗುವುದು ಅದಕ್ಕೇ.

ನನ್ನಣ್ಣನ ಮಗಳು ಒಂದು ದಿನ, "ನಲ್ವತ್ತು ಪುಟ ಬರೇ ಊಟದ ವರ್ಣನಾ, ಬೋರ್" ಅಂದಳು.

ಮಾಸ್ತರರು ಕೇಳಿದರು: "ಬೇಟಿ, ಆ ನಲ್ವತ್ತು ಪುಟದಾಗ ನೀ ಯಾವುದರ ದಾರಿ ನೋಡ್ಲಿಕತ್ತಿದ್ದಿ?"

"ಬಾಗಿಲಾಗ ಒಬ್ಬಾಂವ ನಿಂತಿದ್ನಲ್ರಿ. ಅಂವಾ ಒಳಗ ಬರ್ತಾನೋ ಇಲ್ಲೋ ಅಂತ."

"ಹಂಗಾರ ಬೋರ್ ಎಲ್ಲಾಯ್ತು? ಅಂವಾ ನಿನ್ನ ಕಾಯಿಸ್ಯಾನ."

ಕಥೆಯನ್ನು ಮುಂದಕ್ಕೆ ಓಡಿಸುವುದರಂತೆ ತಡೆದು ನಿಲ್ಲಿಸುವುದೂ ದಾಸ್ತಾನ್ ಹೇಳುವವರಲ್ಲಿ ಒಂದು ಕಲೆ, ಅದಕ್ಕೆ ವಾಹ್ ವಾಹ್ ಸಿಗುತ್ತಿತ್ತು ಅಂತ ಮಾಸ್ತರರು ವಿವರಿಸಿದರು. ಆವತ್ತಿನಿಂದ 'ನಿಧಾನ' ಅನ್ನುವವರು ಎರಡು ಪ್ರಶ್ನೆಗೆ ಉತ್ತರ ಕೊಡಬೇಕು. ಎಲ್ಲಿಂದ ಎಲ್ಲಿಯ ತನಕ? ಆಗ ಯಾವುದಕ್ಕೆ ಕಾಯುತ್ತಿದ್ದಿರಿ? ಕಾಯುವಂಥದ್ದು ಏನೂ ಇರಲಿಲ್ಲ ಎಂದರೆ ಆ ನಿಧಾನ ನಿಜವಾಗಿಯೂ ದೋಷ.

ಹಾಗಂತ ಹಿರಿಯರು ಹೇಳಿದ್ದೆಲ್ಲ ಒಪ್ಪಬೇಕಾಗಿಲ್ಲ. ಯಾದಗಿರಿ ಹುಡುಗಿ "ಮಾಸ್ತರ್ರ, ನನಗ ಹಂಗ ಅನಿಸಲಿಲ್ರಿ, ಯಾಕಂದ್ರ..." ಅಂತ ಶುರು ಮಾಡುತ್ತಾಳೆ. ಆ 'ಯಾಕಂದ್ರ'ದ ಮುಂದೆ ಪುಸ್ತಕದ ಮಾತೇ ಬರಬೇಕು, ಎದುರಿನವರ ವಯಸ್ಸಾಗಲಿ ಅಭಿರುಚಿಯಾಗಲಿ ಬರಬಾರದು.

ಓದಿ ಮುಗಿಸಿದವರೇ, ಇದು ನಿಮಗೆ

ಎಲ್ಲಕ್ಕಿಂತ ಕಷ್ಟದ ಭಾಗ ಇದು. ನನಗಂತೂ ಇನ್ನೂ ಪೂರ್ತಿ ಒಗ್ಗಿಲ್ಲ.

ಮುಂದಿನ ಕಥೆ ಬಿಚ್ಚಿಡುವುದೊಂದೇ ತಪ್ಪಲ್ಲ. 'ಮುಂದ ಓದು, ಗೊತ್ತಾಗ್ತದ' ಅನ್ನುವುದೂ ತಪ್ಪು. ಆ ಮಾತು ಬಂದ ಕೂಡಲೇ ಓದುವವರಿಗೆ ತಿಳಿಯುತ್ತದೆ: ನಾನು ಈಗ ಅಂದದ್ದು ತಿರುಗಾಮುರುಗಾ ಆಗಲಿದೆ. 'ಅವನ್ನ ಭಾಳ ಹಚ್ಚಿಕೋಬ್ಯಾಡ' ಎಂದರೆ ತಿಥಿಯ ಊಟಕ್ಕೆ ಕರೆದಂತೆಯೇ. 'ಕೊನಿ ಟ್ವಿಸ್ಟ್ ಅಂತೂ ಹೇಳೂದೇ ಬ್ಯಾಡ' ಎಂದಿರೋ, ಅವರು ಉಳಿದ ಪುಸ್ತಕವನ್ನು ಕಥೆಗಾಗಿ ಓದುವುದಿಲ್ಲ, ಕಳ್ಳನನ್ನು ಹುಡುಕುವ ಪೊಲೀಸರಂತೆ ಓದುತ್ತಾರೆ. ಏನೂ ಅನ್ನದೆ ಸುಮ್ಮನೆ ಮುಗುಳ್ನಕ್ಕರೂ ಅಷ್ಟೇ. ನನ್ನ ಮುಖ ಹಾಗೆ ನೋಡಿದರೆ ಬಾಯಿಗಿಂತ ಹೆಚ್ಚು ಹರಟೆಮಲ್ಲ.

ಟೋಲ್ಕಿನ್‌ಗೆ ತಮ್ಮ ಮೂರನೇ ಸಂಪುಟದ ಹೆಸರೇ ಇಷ್ಟವಿರಲಿಲ್ಲ. ಅದು ಕಥೆಯನ್ನು ತೀರಾ ಬಿಟ್ಟುಕೊಡುತ್ತದೆ ಅಂತ. ಬೇರೆ ಹೆಸರು ಸೂಚಿಸಿದ್ದರು, ಪ್ರಕಾಶಕರದೇ ನಡೆಯಿತು. ಒಂದು ಶೀರ್ಷಿಕೆಯ ನಾಲ್ಕೈದು ಪದಕ್ಕೆ ಬರೆದವರೇ ಅಷ್ಟು ಚಡಪಡಿಸಿದ್ದರೆಂದ ಮೇಲೆ ನಮ್ಮ ಬಾಯಿಗೆ ಬೀಗ ಇರಲೇಬೇಕಲ್ಲವೇ?

ಹಾಗಾದರೆ ಮುಗಿಸಿದವರು ಮಾಡಬೇಕಾದ್ದೇನು? ಕೇಳುವುದು. 'ನಿನಗ ಯಾಕ ಹಂಗ ಅನಸ್ತು?', 'ಆ ಊರು ಹೆಂಗ ಕಂಡಿತು?', 'ಉದ್ರ್ಯಾಗ ಏನೇನು ಬರ್ದಿ?' ಅವರ ಊಹೆ ಸರಿ ಇದ್ದರೂ ತಪ್ಪಿದ್ದರೂ ಅದೇ ದನಿಯಲ್ಲಿ 'ಬರದಿಡು' ಅನ್ನಿ. ಎರಡಕ್ಕೂ ಒಂದೇ ದನಿ ಬರಲು ರೂಢಿ ಬೇಕು. ನೀವು ಮೊದಲ ಸಲ ಅದೇ ಜಾಗದಲ್ಲಿದ್ದಾಗ ಏನಂದುಕೊಂಡಿದ್ದಿರಿ ಎಂಬುದನ್ನು ಹೇಳಬಹುದು, ಅದು ನೆನಪಿದ್ದರೆ. ಖಾತೆ ಪುಸ್ತಕ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಹಳೆಯ ಪುಟ ತೆಗೆದು ನನ್ನ ತಪ್ಪು ಊಹೆಗಳನ್ನು ಓದಿ ತೋರಿಸುವುದು ಹುಡುಗರಿಗೆ ಬಲು ಇಷ್ಟ. ಮುಂದಿನದನ್ನು ಹೇಳಲೇಬೇಕೆಂದು ಬಾಯಿ ತುರಿಸಿದರೆ ಮೊದಲು "ಮುಂದ ಹೇಳ್ಲೇನು?" ಎಂದು ಕೇಳಿ, ಎಲ್ಲರೂ ಹೂಂ ಅನ್ನುವ ತನಕ ಕಾಯಿರಿ. ಒಬ್ಬರು ಪುಸ್ತಕದ ಮೇಲೆ ಅಂಗೈ ಇಟ್ಟರೆ ಬೇಡ ಎಂದರ್ಥ. ಕಾರಣ ಕೇಳುವಂತಿಲ್ಲ.

ಇನ್ನು ಕೆಲವು ಹೊಂಡಗಳು

ಪುಸ್ತಕದ ಹಿಂಬದಿಯ ಪುಟಗಳಿಗೆ ಹೋಗಬೇಡಿ. ಟೋಲ್ಕಿನ್‌ನ ಅನುಬಂಧಗಳಲ್ಲಿ ಕಾಲಾನುಕ್ರಮಣಿಕೆ, ವಂಶವೃಕ್ಷ ಎಲ್ಲ ಇವೆ. ಯಾರು ಯಾರನ್ನು ಮದುವೆಯಾದರು ಎಂಬುದು ಮೊದಲ ದಿನವೇ ಕಣ್ಣಿಗೆ ಬಿದ್ದೀತು. ಮುಂಬದಿಯ ನಕ್ಷೆ ನೋಡಿದರೆ ತೊಂದರೆಯಿಲ್ಲ, ನೋಡಲೇಬೇಕು, ಬೆರಳಿಟ್ಟು ದಾರಿ ಹಿಡಿಯಬೇಕು. ಪಾತ್ರದ ಹೆಸರನ್ನು ಮೊಬೈಲಿನಲ್ಲಿ ಹುಡುಕಬೇಡಿ. ನೀವು ಪೂರ್ತಿ ಬರೆಯುವ ಮೊದಲೇ ಅದು ಪಕ್ಕದಲ್ಲಿ 'ಸಾವು' ಅಂತ ತಾನೇ ಜೋಡಿಸಿ ತೋರಿಸುತ್ತದೆ.

ಸಿನಿಮಾ, ಸೀರಿಯಲ್ ನೋಡಿದವರು ಬಳಗದಲ್ಲಿದ್ದರೆ ಮೊದಲೇ ಹೇಳಿಬಿಡಬೇಕು. ಮಾರ್ಟಿನ್ ಕಥೆಯ ಟಿವಿ ಸರಣಿ 2019ರಲ್ಲೇ ಮುಗಿದಿದೆ, ಪುಸ್ತಕಗಳು ಆ ಕೊನೆಯನ್ನು ಇನ್ನೂ ಮುಟ್ಟಿಲ್ಲ. ಟಿವಿ ನೋಡಿದವರು ಹೇಳುವ 'ಕೊನೆ' ಓದುತ್ತಿರುವವರ ಪುಸ್ತಕದ್ದೇ ಆಗಬೇಕೆಂದಿಲ್ಲ, ಆದರೂ ಕೆಡಿಸುವಷ್ಟು ಕೆಡಿಸುತ್ತದೆ.

ಫೋನಿನಲ್ಲಿ ಬರೆದು ಕಳಿಸುವುದಾದರೆ ಮೊದಲ ಸಾಲಿನಲ್ಲಿ ಪುಸ್ತಕ, ಅಧ್ಯಾಯ. ಮಾತು ಅದರ ಕೆಳಗೆ.

ಬಿಟ್ಟುಬಿಟ್ಟರೆ

ನಡುವೆ ಬಿಟ್ಟ ಪುಸ್ತಕದ ಬಗ್ಗೆಯೂ ಮಾತಾಡಬಹುದು, ನಾಚಿಕೆ ಬೇಡ. ಎಲ್ಲಿ ಬಿಟ್ಟಿರಿ, ಆಗ ಉದ್ರಿ ಎಷ್ಟಿತ್ತು, ಇಷ್ಟು ಹೇಳಿ. ಟೋಲ್ಕಿನ್‌ನ ಮುನ್ನುಡಿಯಲ್ಲೇ, ಹಾಬಿಟ್ ಎಂಬ ಸಣ್ಣ ಜನರ ತಂಬಾಕಿನ ಚರಿತ್ರೆಯಲ್ಲಿ, ಮುಗ್ಗರಿಸಿ ಪುಸ್ತಕ ಮುಚ್ಚಿದವರು ನನಗೆ ಇಬ್ಬರು ಗೊತ್ತು. ಅವರಿಗೆ ಹೇಳುವುದಿಷ್ಟೇ: ಮುನ್ನುಡಿ ಬಿಡಿ, ಹುಟ್ಟುಹಬ್ಬದ ಗದ್ದಲದಿಂದ ಶುರು ಮಾಡಿ, ಆಮೇಲೆ ಹಿಂದಕ್ಕೆ ಬನ್ನಿ.

ಲೇಖಕರೇ ಮುಗಿಸದ ಪುಸ್ತಕಗಳದು ಬೇರೆ ಲೆಕ್ಕ. ಮಾರ್ಟಿನ್ ಅವರ ಐದನೇ ಸಂಪುಟ 2011ರಲ್ಲಿ ಬಂತು, ಆರನೆಯದಕ್ಕೆ ಜಗತ್ತೇ ಕಾಯುತ್ತಿದೆ. 1990ರಲ್ಲಿ 'ದಿ ವೀಲ್ ಆಫ್ ಟೈಮ್' ಶುರು ಮಾಡಿದ ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಹಿಡಿದು ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟ ಬರೆದು 2013ರಲ್ಲಿ ಹದಿನಾಲ್ಕಕ್ಕೆ ಮುಗಿಸಿದರು. ಒಬ್ಬರ ಉದ್ರಿಯನ್ನು ಇನ್ನೊಬ್ಬರು ತೀರಿಸಿದ್ದು ನಮ್ಮ ಬಜಾರದಲ್ಲೂ ಅಪರೂಪ. ಇಂಥ ಸರಣಿ ಓದುತ್ತಿರುವವರ ಮಾತನ್ನು 'ಮುಗಿದ ಮ್ಯಾಲ ಹೇಳು' ಎಂದು ತಳ್ಳಿಹಾಕಲು ಬರುವುದಿಲ್ಲ. ಅಲ್ಲಿ ನಡುವಿನ ಮಾತೇ ಮಾತು.

ನಮ್ಮಣ್ಣನ ಮಗಳು ನಾಲ್ಕನೇ ವಾರಕ್ಕೆ ತಾನಾಗಿಯೇ ಮಾಳಗಿ ಹತ್ತಿ ಬಂದು ಪುಸ್ತಕ ಎತ್ತಿಕೊಂಡಳು. "ಸಾಯ್ತಾನ ಅಂತ ಗೊತ್ತಾಯ್ತಲ್ಲ, ಹೆಂಗ ಅನ್ನೋದರ ನೋಡ್ತೀನಿ" ಅಂದಳು. (ಹಾಗೆ ಅಂದಳೇ ವಿನಾ ಅದು ನಿಜವೋ ಸುಳ್ಳೋ ನಾನು ಆವತ್ತೂ ಬಾಯಿ ಬಿಡಲಿಲ್ಲ.)

ಈ ಜನವರಿಯಲ್ಲಿ ಅಫಜಲಪುರದ ಕಡೆ ನಮ್ಮ ಹೊಲಕ್ಕೆ ಸೀತನಿ ತಿನ್ನಲು ಹೋಗಿದ್ದೆವು. ಕುಳ್ಳಿನ ಕೆಂಡದಲ್ಲಿ ತೆನೆ ಸುಡುತ್ತಿತ್ತು. ಆಕೆ ಚೀಲದಿಂದ ಮೂರನೇ ಸಂಪುಟ ತೆಗೆದಳು, ನಡುವಿಗೆ ಬಂದಿದ್ದಳು. ಅಧ್ಯಾಯ ಹೇಳಿದಳು, ಕೊನೆಗೆ ಓದಿದ ಘಟನೆ ಹೇಳಿದಳು, ಕಟ್ಟಳೆಯಂತೆ. ನಾನು ಕೆಂಡ ಕೆದಕುತ್ತಾ ಕೂತೆ.

"ಊಹಾ ಬರ್ದಿ?"

"ಬರ್ದೀನ್ರಿ."

"ಏನಂತ?"

ಸುಟ್ಟ ತೆನೆಯನ್ನು ಎರಡೂ ಅಂಗೈ ನಡುವೆ ತಿಕ್ಕಿ, ಹೊಟ್ಟು ಊದಿ, ಒಂದು ಹಿಡಿ ಹಸಿರು ಕಾಳನ್ನು ನನ್ನ ಕೈಗೆ ಹಾಕಿದಳು.

"ಹೇಳಂಗಿಲ್ಲ ಕಾಕಾ. ಹೇಳಿದ್ರ ನಿಮ್ಮ ಮಾರಿ ಮ್ಯಾಲ ಗೊತ್ತಾಗ್ತದ."